ನೆರೆಮನೆಯಿಂದ

"ಈ ಪದ ಹೋಗೋದು ಬೇಡ ಸರ್," ಅಂದಳು ತಗಡಕ್ಕ, ಕೈಯಲ್ಲಿದ್ದ ಉಳಿಯನ್ನು ಕೆಳಗಿಡದೆ.

ತಗಡಿನಲ್ಲಿ ಅಕ್ಷರ ಕೊರೆದು, ಆ ಅಚ್ಚನ್ನು ಮೂಟೆಯ ಮೇಲಿಟ್ಟು ಬಣ್ಣ ಬಳಿಯುವುದು ಸರ್ಕಾರಿ ಉಗ್ರಾಣದಲ್ಲಿ ಅವಳ ಇಪ್ಪತ್ತು ವರ್ಷದ ಕೆಲಸ. ಇವತ್ತಿನ ಗೋಧಿ ಗಡಿಯಾಚೆ ಹೋಗಬೇಕಿತ್ತು. ಅಲ್ಲಿ ಭೂಕಂಪವಾಗಿ ಐದು ದಿನ. ಎರಡು ಸಲ ಯುದ್ಧ ಮಾಡಿದ ದೇಶಕ್ಕೆ ಸರ್ಕಾರ ಬರೀ ಕನಿಕರದಿಂದ ಧಾನ್ಯ ಕಳಿಸುತ್ತಿರಲಿಲ್ಲ. ಆ ಗಡಿ ತಣ್ಣಗಾದರೆ ಅರ್ಧ ಸೈನ್ಯವನ್ನು ಬೇರೆ ಕಡೆಗೆ ತಿರುಗಿಸಬಹುದಿತ್ತು. ವಿದೇಶಾಂಗ ಇಲಾಖೆಯ ಅಧಿಕಾರಿ ಅದನ್ನೇನೂ ಮುಚ್ಚಿಟ್ಟಿರಲಿಲ್ಲ. "ಫಿರಂಗಿ ಮಾಡದ ಕೆಲಸ ಮೂಟೆ ಮಾಡುತ್ತೆ ಕಣಮ್ಮ," ಎಂದು ಬೆಳಿಗ್ಗೆಯೇ ಹೇಳಿದ್ದ.

ಈಗ ಅವನು ಹುಬ್ಬು ಗಂಟಿಕ್ಕಿದ. "ಏನಾಗಿದೆ ಪದಕ್ಕೆ? ‘ಕೊಡುಗೆ’ ಅಂತ ಅವರ ಭಾಷೆಯಲ್ಲಿ, ನಿಘಂಟು ನೋಡಿ ಬರೆಸಿದ್ದು."

"ನಿಘಂಟಿನಲ್ಲಿ ಹಾಗಿರಬಹುದು. ಅಲ್ಲಿನ ಜನ ಆ ಪದ ಹೇಳೋದು, ಉಂಡು ಮಿಕ್ಕಿದ್ದನ್ನ ಬಾಗಿಲಿಗೆ ಬಂದೋರಿಗೆ ಹಾಕ್ತಾರಲ್ಲ, ಅದಕ್ಕೆ. ಎಂಜಲು ಸರ್. ಮೂಟೆಗಳನ್ನ ಗಡಿಯಲ್ಲೇ ವಾಪಸ್ ತಳ್ತಾರೆ. ಕೊಟ್ಟೂ ಕೆಟ್ಟವರಾಗ್ತೀವಿ."

"ನಿಮಗೆ ಹೇಗೆ ಗೊತ್ತು?"

ಇದೇ ಪ್ರಶ್ನೆಗೆ ಅವಳು ಬದುಕಿಡೀ ಹೆದರಿದ್ದಳು. ಕೆಲಸಕ್ಕೆ ಸೇರುವಾಗ ಅರ್ಜಿಯಲ್ಲಿ ತಾಯಿ ಹುಟ್ಟಿದ ಊರು ಎಂಬಲ್ಲಿ ಅಪ್ಪನ ಊರು ಬರೆದಿದ್ದಳು. ಮನೆಯಲ್ಲಿ ಅಮ್ಮ, ತಾನು, ಉಣ್ಣುವ ಎರಡು ಬಾಯಿಗೂ ಈ ಕೆಲಸವೇ ಗತಿ.

"ನಮ್ಮಮ್ಮ ಆ ಕಡೆಯವಳು," ಅಂದಳು. ತಲೆ ತಗ್ಗಿಸಲಿಲ್ಲ. "ಅರ್ಜಿಯಲ್ಲಿ ಸುಳ್ಳು ಬರೆದಿದ್ದೆ. ಇದು ಸುಳ್ಳಲ್ಲ."

ಅಧಿಕಾರಿ ಅಂಗಳದಲ್ಲಿ ಸಾಲಾಗಿ ನಿಂತ ಲಾರಿಗಳನ್ನು ನೋಡಿದ. ಫೋನು ಹಿಡಿದು ಆಚೆ ಹೋದವನು ಹತ್ತು ನಿಮಿಷ ಬಿಟ್ಟು ಬಂದ.

"ಅರ್ಜಿ ವಿಷಯ ಆಮೇಲೆ ವಿಚಾರಿಸ್ತಾರಂತೆ. ಈಗ ಏನು ಬರೀಬೇಕು, ನೀವೇ ಹೇಳಿ."

"ಕಷ್ಟದಲ್ಲಿರೋರ ಮನೆಗೆ ಪಕ್ಕದವರು ಏನಾದ್ರೂ ತಂದಿಟ್ಟರೆ ಅಲ್ಲಿ ಒಂದೇ ಮಾತು ಹೇಳೋದಂತೆ, ‘ನೆರೆಮನೆಯಿಂದ.’ ಅಷ್ಟು ಸಾಕು."

"ನಮ್ಮ ದೇಶದ ಹೆಸರು?"

"ಲಾರಿ ಬಂದ ದಿಕ್ಕೇ ಹೇಳುತ್ತಲ್ಲ ಸರ್."

ಅವನಿಗೆ ನಗು ಬಂತು. "ನೀವು ನಮ್ಮ ಇಲಾಖೆಯಲ್ಲಿರಬೇಕಿತ್ತು."

ತಗಡಕ್ಕ ಹೊಸ ತಗಡು ಎಳೆದುಕೊಂಡಳು. ಅವಳು ಕೊರೆದದ್ದು, ತನ್ನ ಚಿಕ್ಕಂದಿನಲ್ಲಿ ಅಮ್ಮ ಬಾಗಿಲು ಹಾಕಿ, ಅಡುಗೆಕಟ್ಟೆಯ ಮೇಲೆ ಹಿಟ್ಟು ಹರಡಿ ಬೆರಳಲ್ಲಿ ಕಲಿಸಿದ ಅಕ್ಷರಗಳನ್ನು. ಒಂದೊಂದನ್ನೂ ಕಲಿಸಿದ ಕೂಡಲೇ ಅಮ್ಮ ಒರೆಸಿಬಿಡುತ್ತಿದ್ದಳು. ಅಕ್ಷರದ ಹೊಟ್ಟೆಯೊಳಗಿನ ತುಂಡು ಉದುರಿಹೋಗದಂತೆ ಅಲ್ಲಲ್ಲಿ ಸೇತುವೆಯ ಹಾಗೆ ಸಣ್ಣ ತಗಡಿನ ಪಟ್ಟಿ ಬಿಟ್ಟು ಕೊರೆದಳು. ಸಂಜೆಯೊಳಗೆ ಲಾರಿಗಳು ಹೊರಟವು.

ಮೂರನೆಯ ದಿನ ವಿಚಾರಣೆಗೆ ಬರಹೇಳಿದ ಕಾಗದ ಬಂತು. ಅದೇ ಸಂಜೆ ಟಿವಿಯಲ್ಲಿ ಮೂಟೆಗಳು ಹೆಗಲಿಂದ ಹೆಗಲಿಗೆ ಗಡಿ ದಾಟಿದವು. ಅಮ್ಮ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಆ ಪದವನ್ನು ಗಟ್ಟಿಯಾಗಿ ಓದಿದಳು.

"ಕೊನೇ ಅಕ್ಷರದ ಬಾಲ ಗಿಡ್ಡವಾಯ್ತಲ್ಲೇ," ಅಂದಳು ಅಮ್ಮ.

"ತಗಡು ಸಾಲಲಿಲ್ಲಮ್ಮ."

"ಬಾ ಇಲ್ಲಿ."

ಅಮ್ಮ ಕಟ್ಟೆಯ ಮೇಲೆ ಹಿಟ್ಟು ಹರಡಿ, ಬಾಲ ಎಷ್ಟು ಉದ್ದ ಇರಬೇಕೆಂದು ಎಳೆದು ತೋರಿಸಿದಳು. ಬೀದಿ ಬಾಗಿಲು ತೆರೆದೇ ಇತ್ತು. ಕೈ ತೊಳೆದುಕೊಂಡು ಬಂದು ಮತ್ತೆ ಟಿವಿ ಮುಂದೆ ಕೂತಳು, ಹಿಟ್ಟನ್ನು ಒರೆಸಲಿಲ್ಲ.