ಮೆಟ್ಟಿಲಡಿಯ ಮಡಕೆ

ಪ್ರೊಫೆಸರ್ ರುಷ್ದಿ ಹೊಂಡದ ಅಂಚಿನಲ್ಲಿ ಬಂದು ನಿಂತಾಗ ಇಂತಿಸಾರ್ ತಲೆಯೆತ್ತಲಿಲ್ಲ. ಅವರ ನೆರಳು ಅವಳ ಕೈಮೇಲೆ ಬಿತ್ತು. ಆ ನೆರಳನ್ನೂ ಕೆರೆದು ತೆಗೆಯುವವಳಂತೆ ಅವಳು ಕರಣೆ ಆಡಿಸುತ್ತಲೇ ಇದ್ದಳು.

ಕುರ್ನಾ ಹಳ್ಳಿಯ ಈ ಪುರಾತತ್ವ ಅಗೆತಕ್ಕೆ ಒಂದು ಕಟ್ಟಳೆಯಿತ್ತು. ಇಟ್ಟಿಗೆ, ಬೂದಿ, ಮಣ್ಣಿನ ಪದರ ಅಗೆದವರ ಪಾಲು. ಅಕ್ಷರವಿರುವುದೆಲ್ಲ ರುಷ್ದಿಯವರ ಪಾಲು. ಅಗೆಯುವುದು, ಆ ಹಳೆಯ ಲಿಪಿ ಓದುವುದು ಎರಡನ್ನೂ ಕಲಿತವಳು ಆ ತಂಡದಲ್ಲಿ ಇಂತಿಸಾರ್ ಒಬ್ಬಳೇ. ಅದೇ ಅವಳ ಅಪರಾಧ. ಅವಳು ಎತ್ತಿಕೊಟ್ಟ ಬೋಕಿಗಳು, ಬರಹವಿದ್ದ ಮಡಕೆ ಚೂರುಗಳು, ಎಲ್ಲ ಅವರ ಕೈರೋದ ಕಪಾಟಿನಲ್ಲಿ ಬೀಗ ಬಿದ್ದು ಕೂತಿದ್ದವು. ಅವರು ಪ್ರಕಟಿಸುತ್ತಿರಲಿಲ್ಲ, ಬೇರೆಯವರಿಗೆ ಬಿಡುತ್ತಲೂ ಇರಲಿಲ್ಲ.

ನಿನ್ನೆ ಸಿಕ್ಕ ಬೋಕಿಯನ್ನು ಮಾತ್ರ ಕೂಡಲೇ ಓದಿದ್ದರು. ಒಪ್ಪಿಸುವ ಮುನ್ನ ಅವಳೂ ಓದಿದ್ದಳು. ಎರಡು ಸಾವಿರ ವರ್ಷದ ಹಿಂದೆ ಯಾವನೋ ಹೆಂಡತಿಗೆ ಗೀಚಿದ ಮಾತು: ಮನೆಯ ಪತ್ರಗಳೆಲ್ಲ ಮೆಟ್ಟಿಲಡಿಯ ಮಡಕೆಯಲ್ಲಿವೆ, ನಿನ್ನ ಅಣ್ಣನಿಗೆ ಹೇಳಬೇಡ.

ರುಷ್ದಿ ಜಾರುತ್ತ ಕೆಳಗಿಳಿದು, ಗೋಡೆ ಪಕ್ಕದ ದಿಬ್ಬದ ಮೇಲೆ ಕಾಲೂರಿ ನಿಂತರು.

"ಮಗಳೇ, ಮೆಟ್ಟಿಲು ಎಲ್ಲಿದೆ?"

"ನಿಮ್ಮ ಮಗಳು ಕೈರೋದಲ್ಲಿದಾಳೆ ಸರ್. ನಾನು ಡಾಕ್ಟರ್ ಇಂತಿಸಾರ್."

ಮೇಸ್ತ್ರಿ ಹಸ್ಸಾನಿ ಕೆಮ್ಮಿ ನಗು ನುಂಗಿದ.

"ಓಹೋ! ಸರಿ ಡಾಕ್ಟರಮ್ಮಾ, ಮೆಟ್ಟಿಲು ತೋರಿಸೋಣವಾಗಲಿ. ಆ ಮಡಕೆ ಸಿಕ್ಕರೆ ಲೋಕವೆಲ್ಲ ಈ ಕಡೆ ತಿರುಗಿ ನೋಡುತ್ತೆ."

"ಯಾರ ಹೆಸರಲ್ಲಿ ಅಚ್ಚಾಗುತ್ತೆ?"

"ಓದೋನ ಹೆಸರಲ್ಲಿ. ಇನ್ಯಾರದ್ದು?"

"ನಾನೂ ಓದ್ತೀನಿ. ಇಬ್ಬರ ಹೆಸರೂ ಹಾಕಿ ಸರ್. ನನ್ನ ಬಡ್ತಿ ಅದರ ಮೇಲೇ ನಿಂತಿದೆ." ಕೇಳಬಾರದೆಂದುಕೊಂಡಿದ್ದಳು. ಕೇಳಿಬಿಟ್ಟಳು.

ರುಷ್ದಿ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಬಾವಿ ತೋಡಿದ ಕೂಲಿಗೆ ನೀರಲ್ಲೂ ಪಾಲು ಕೊಡ್ತಾರೇನು? ಅಡಿಟಿಪ್ಪಣಿಯಲ್ಲಿ ಹಾಕ್ತೀನಿ ಬಿಡಿ, ಅಗೆದವರು ಇಂತಿಸಾರ್ ಅಂತ."

ಅವಳು ಅವರ ಬೂಟುಗಳನ್ನೇ ನೋಡಿದಳು. ಅವರು ನಿಂತಿದ್ದದ್ದು ಮೆಟ್ಟಿಲ ಮೇಲೆ. ಹಸಿ ಇಟ್ಟಿಗೆಯ ಮೆಟ್ಟಿಲು ತುಳಿದು ಸವೆದು, ಕರಗಿ, ದಿಬ್ಬದಂತೆ ಉಳಿದಿತ್ತು. ಆಯುಷ್ಯವಿಡೀ ಆ ಪದವನ್ನು ಓದುತ್ತ ಬಂದ ಮನುಷ್ಯನಿಗೆ ಕಾಲಡಿಯ ಮೆಟ್ಟಿಲು ಕಾಣಲಿಲ್ಲ.

"ಮೆಟ್ಟಿಲು ಉಳಿದಿಲ್ಲ ಸರ್. ಹಳೇ ಹಸಿ ಇಟ್ಟಿಗೆಯ ಮಣ್ಣು ಗದ್ದೆಗೆ ಒಳ್ಳೆ ಗೊಬ್ಬರ ಅಂತ ಊರವರು ಹಿಂದೆಯೇ ಹೊತ್ತುಕೊಂಡು ಹೋಗಿದಾರೆ."

"ಹೌದೇನೋ ಹಸ್ಸಾನಿ?"

ಹಸ್ಸಾನಿ ಬೂಟು ನೋಡಿದ, ಅವಳ ಮುಖ ನೋಡಿದ. "ಡಾಕ್ಟರಮ್ಮ ಹೇಳಿದ ಮೇಲೆ ಇನ್ನೇನಿದೆ ಸಾಹೇಬ್ರೇ."

"ಹಾಗಾದ್ರೆ ಇಲ್ಲಿ ಯಾಕೆ ಮಣ್ಣು ತಿಂತಾ ಕೂತಿದೀರಿ? ಮುಚ್ಚಿ ಹಾಕಿ." ರುಷ್ದಿ ಹತ್ತಿ ಜೀಪಿನ ಕಡೆ ಹೋದರು.

ಜೀಪಿನ ಧೂಳು ಅಡಗಿತು.

"ಕಬ್ಬಿನ ಗದ್ದೆಗೆ ನೀರು ಬಿಟ್ಟಿದಾರೆ," ಎಂದ ಹಸ್ಸಾನಿ. "ತಳಕ್ಕೆ ಆಗಲೇ ತೇವ ಬಂದಿದೆ. ಈಗ ಮುಚ್ಚಿದ್ರೆ ಮುಂದಿನ ಹಂಗಾಮಿಗೆ ಮಡಕೆಯೊಳಗಿನ ಪತ್ರ ಗಂಜಿಯಾಗಿರುತ್ತೆ. ಅವರಿಗೂ ಇಲ್ಲ, ನಿಮಗೂ ಇಲ್ಲ."

ಅವಳು ಇಟ್ಟಿಗೆಯ ಮೇಲೆ ಅಂಗೈ ಊರಿದಳು. ತಣ್ಣಗಿತ್ತು. ಇನ್ನೊಂದು ಮೊಳ ಅಗೆದರೆ ಮಡಕೆಯ ಕತ್ತು ಕಾಣಬಹುದು. ಕಂಡದ್ದು ಸಂಜೆಯೊಳಗೆ ರುಷ್ದಿಯವರದಾಗುತ್ತದೆ.

"ಮುಚ್ಚಿ."

ಹಸ್ಸಾನಿ ಕದಲಲಿಲ್ಲ. ಅವಳೇ ಗುದ್ದಲಿ ಎತ್ತಿಕೊಂಡು ಮಣ್ಣು ಎಳೆಯತೊಡಗಿದಳು.