ಐದು ನಿಮಿಷದ ಕಾಗದ

ಅಕ್ಕನ ಎರಡೂ ಕೆಳರೆಪ್ಪೆಗಳಿಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ, ಕಣ್ಣಿನ ಡಾಕ್ಟರಮ್ಮ ಗಡಿಯಾರ ನೋಡಿದರು.

“ಐದು ನಿಮಿಷ ಹೀಗೇ ಕೂತಿರಮ್ಮ. ಕಣ್ಣೀರು ಎಷ್ಟು ದೂರ ಇಳಿಯುತ್ತೋ ನೋಡೋಣ.”

“ಅಳು ಬರೋ ಹಾಗೆ ಏನಾದ್ರೂ ಹೇಳೇ,” ಎಂದಳು ಅಕ್ಕ, ಗೋಡೆಗೊರಗಿ ನಿಂತಿದ್ದ ತಂಗಿಗೆ.

ತಂಗಿ ನಗಲಿಲ್ಲ. ವರ್ಷದ ಹಿಂದೆ ಅಕ್ಕನ ರಕ್ತ ಕೆಟ್ಟಾಗ ತನ್ನ ಮೂಳೆಮಜ್ಜೆ ಕೊಟ್ಟವಳು ಅವಳೇ. ಅಂದಿನಿಂದ ಆಸ್ಪತ್ರೆಗೆ ಜೊತೆಗೆ ಬರುವವಳೂ ಅವಳೇ. ಡಾಕ್ಟರು ಏನು ಕೇಳಿದರೂ, ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಇವಳ ಉತ್ತರ ಮುಗಿದಿರುತ್ತಿತ್ತು.

ಇಬ್ಬರಿಗೂ ಒಂದೇ ಹೊಲಿಗೆ ಅಂಗಡಿಯಲ್ಲಿ ಕೆಲಸ. ಅಂಗಿಗೆ ಗುಂಡಿಯ ಕಾಜಾ ಹಾಕುವುದರಲ್ಲಿ ಅಕ್ಕನದು ಎತ್ತಿದ ಕೈ. ನಾಲ್ಕು ತಿಂಗಳ ಹಿಂದೆ ಆ ಕೈ ತಡವರಿಸತೊಡಗಿತು.

“ಕಣ್ಣಲ್ಲಿ ಮರಳು ಬಿದ್ದ ಹಾಗಾಗುತ್ತೆ ಕಣೇ. ದೀಪ ನೋಡೋಕೇ ಆಗಲ್ಲ,” ಎಂದಿದ್ದಳು.

“ಮಹಾರಾಣಿಗೆ ಸೂಜಿ ಹಿಡಿಯೋಕೆ ಬೇಜಾರು ಅನ್ನು. ಮೂಳೆ ಚುಚ್ಚಿಸಿಕೊಂಡೋಳು ನಾನು, ಕಣ್ಣು ಮುಚ್ಚಿ ಕೂರೋಳು ನೀನು.”

ಅಂಗಡಿಯವರೆಲ್ಲ ನಕ್ಕಿದ್ದರು. ಆಮೇಲೆ ಅಕ್ಕ ಹೊರಗಿನವರೆದುರು ಕಣ್ಣಿನ ಮಾತೆತ್ತಲಿಲ್ಲ. ಮಜ್ಜೆ ಹಾಕಿದ ಆಸ್ಪತ್ರೆಯ ತಪಾಸಣೆಯಲ್ಲಿ ದೊಡ್ಡ ಡಾಕ್ಟರು ಎರಡು ಸಲ ಕೇಳಿದಾಗಲೂ “ಕಣ್ಣಿಗೇನೂ ಇಲ್ಲ ಸಾರ್” ಎಂದವಳು ತಂಗಿ. ಅಂಗಡಿಗೆ ಹೊತ್ತಾಗುತ್ತಿತ್ತು, ಅಷ್ಟೇ. ನಿನ್ನೆ ಅಕ್ಕ ಕಡುನೀಲಿ ಅಂಗಿಗೆ ಕಪ್ಪು ದಾರದಲ್ಲಿ ಕಾಜಾ ಹಾಕಿದ ಮೇಲೆಯೇ ಇಲ್ಲಿಗೆ ಬಂದದ್ದು.

ಡಾಕ್ಟರಮ್ಮ ಪಟ್ಟಿಗಳನ್ನು ತೆಗೆದು ಬೆಳಕಿಗೆ ಹಿಡಿದರು. ತುದಿಯಷ್ಟೇ ಒದ್ದೆ.

“ಮಜ್ಜೆ ಕೊಟ್ಟವರ ಜೀವಕೋಶಗಳು ಕೆಲವರಲ್ಲಿ ಹೀಗೆ ಕಣ್ಣೀರಿನ ಗ್ರಂಥಿಗಳ ಮೇಲೇ ಬಿದ್ದು ಕಣ್ಣು ಒಣಗಿಸಿಬಿಡ್ತವೆ. ಅದು ಯಾರ ತಪ್ಪೂ ಅಲ್ಲ. ಆದ್ರೆ ಬೇಗ ಬರಬೇಕಿತ್ತು, ಕರಿಗುಡ್ಡೆ ಮೇಲೆ ಗಾಯ ಆಗಿದೆ. ಎಷ್ಟು ದಿನದಿಂದ ಹೀಗೆ?”

“ಒಂದು ವಾರ,” ಎಂದಳು ಅಕ್ಕ, ತಂಗಿಯತ್ತ ನೋಡದೆ.

ತಂಗಿಯ ಕಿವಿ ಬಿಸಿಯಾಯಿತು. ಆ ಸುಳ್ಳಿನ ಮರೆಯಲ್ಲಿ ಸುಮ್ಮನೆ ನಿಂತುಬಿಡಬಹುದಿತ್ತು. ಡಾಕ್ಟರಮ್ಮ ಬರೆದುಕೊಳ್ಳಲು ಪೆನ್ನು ತೆಗೆದರು.

“ನಾಲ್ಕು ತಿಂಗಳು, ಮೇಡಂ. ಅವಳು ಹೇಳಿದ್ಲು. ನಾನೇ ಬಾಯಿ ಮುಚ್ಚಿಸಿದೆ.”

ಹೇಳುತ್ತಿದ್ದಂತೆ ಅವಳ ಕಣ್ಣು ತುಂಬಿ ಬಂತು. ಅಕ್ಕನ ಎದುರಿನಲ್ಲಿ ಅಷ್ಟು ಸಲೀಸಾಗಿ ನೀರು ಬಂದದ್ದಕ್ಕೂ ನಾಚಿಕೆಯಾಗಿ ಗೋಡೆಯ ಕಡೆ ತಿರುಗಿಕೊಂಡಳು.

“ಬೇರೆ ಏನೇನು ತೊಂದರೆ ಇದೆ?” ಡಾಕ್ಟರಮ್ಮ ಅಕ್ಕನನ್ನು ಕೇಳಿದರು.

ಅಕ್ಕ ರೂಢಿಯಂತೆ ತಂಗಿಗಾಗಿ ಕಾದಳು. ತಂಗಿ ತುಟಿ ಬಿಚ್ಚಲಿಲ್ಲ.

“ದೀಪ ನೋಡೋಕಾಗಲ್ಲ…” ಎಂದು ಅಕ್ಕ ಮೆಲ್ಲಗೆ ಶುರುಮಾಡಿದಳು.