ಜೋಮು ಹಿಡಿದ ಕೈ

ಬೆಂಗಳೂರಿನ ಆ ದೊಡ್ಡಾಸ್ಪತ್ರೆಯ ಡಾಕ್ಟರು ತೋರಿಸಲಿಕ್ಕೆಂದೇ ಇಟ್ಟುಕೊಂಡಿದ್ದ ಎರಡು ಸಾಮಾನನ್ನು ಮೇಜಿನ ಮೇಲಿಟ್ಟರು. ಒಂದು, ತುದಿ ಸುರುಳಿ ಸುತ್ತಿದ ತಂತಿ. ಇನ್ನೊಂದು, ಸಣ್ಣನೆಯ ಕೊಳವೆ. ಸರಸಮ್ಮನ ಗಂಡ ಕರಿಯಪ್ಪನ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿತ್ತು. ಬಲಗಡೆ ಮೈ ಬಿದ್ದುಹೋಗಿ ಮಾತು ನಿಂತಿತ್ತು. ತೊಡೆಯ ಹತ್ತಿರ ನಾಳದೊಳಗೆ ಇಳಿದು, ತಲೆಯವರೆಗೆ ಹೋಗಿ ಆ ಹೆಪ್ಪನ್ನು ತೆಗೆಯಬೇಕಿತ್ತು.

"ಇದು ಹೊಸದಮ್ಮ, ನಮ್ಮಲ್ಲಿ ಶುರುವಾಗಿದ್ದೇ ಈ ವರ್ಷ, ಎರಡು ಸಾವಿರದ ಒಂಬತ್ತರಲ್ಲಿ. ತಂತಿಯಿಂದ ಸಿಕ್ಕಿಸಿ ಎಳೀಬಹುದು, ಇಲ್ಲ ಕೊಳವೆಯಿಂದ ಹೀರಿ ತೆಗೀಬಹುದು" ಎಂದರು.

ಸಹಿ ಹಾಕು ಅಂದರೆ ಹಾಕಿ ಸುಮ್ಮನಿರುವ ಹೆಂಗಸಲ್ಲ ಸರಸಮ್ಮ. ರಾಮನಗರದಲ್ಲಿ ಇಪ್ಪತ್ತೆರಡು ವರ್ಷ ಗಂಡನ ಪಕ್ಕ ಕೂತು, ಬಿಸಿನೀರಿನ ಬೇಸಿನ್ನಿನಲ್ಲಿ ಬೆಂದ ಗೂಡುಗಳಿಂದ ರೇಷ್ಮೆ ನೂಲು ಬಿಚ್ಚಿದವಳು. ಡಾಕ್ಟರಿಗೇ ಪಾಠ ಹೇಳಲು ಹೊರಟಳು.

"ಹೀರೋದೇ ಮಾಡಿ ಸಾರ್. ಎಳುದ್ರೆ ತುಂಡಾಯ್ತದೆ. ಆ ತುಂಡು ಇನ್ನೆಲ್ಲೋ ಹೋಗಿ ಸಿಕ್ಕಾಕತ್ತದೆ."

ಡಾಕ್ಟರು ನಕ್ಕರು. "ನಾನೂ ಅದನ್ನೇ ಯೋಚಿಸಿದ್ದೆ. ನಿಮಗೆ ಹೇಗೆ ಗೊತ್ತು?"

ಆ ನಗು ನೋಡಿ ಗಂಡ ಅರ್ಧ ಎದ್ದು ಕೂತಷ್ಟು ಧೈರ್ಯ ಬಂತು ಅವಳಿಗೆ. ಮಾತು ಸಲೀಸಾಯಿತು.

"ಎಳೆ ತಾನೇ ಸಾರ್ ನಮ್ ಬದುಕು. ಇವತ್ತು ಬೆಳಗ್ಗೆನೂ ನೋಡಿ, ಅವರ ಕೈಯಾಗೆ ಎಳೆ ತುಂಡಾಯ್ತಾನೇ ಇತ್ತು. ಬಲಗೈ ಜೋಮು ಹಿಡ್ದೈತೆ ಅಂದ್ರು."

ಡಾಕ್ಟರ ನಗು ನಿಂತಿತು. "ಬೆಳಗ್ಗೆನಾ? ಮಧ್ಯಾಹ್ನ ಒಂದಕ್ಕೆ ಅಂದ್ರಲ್ಲ?"

"ಬಿದ್ದಿದ್ದು ಒಂದ್ಗಂಟೆಗೆ ಸಾರ್. ಜೋಮು ಆರಕ್ಕೇ ಇತ್ತು. ಆಮೇಲೂ ಬಿಡ್ನೇ ಇಲ್ಲ."

ಗೋಡೆಯ ಗಡಿಯಾರದಲ್ಲಿ ಮೂರೂವರೆ. ಜೋಮು ಶುರುವಾದ ಎಂಟು ತಾಸಿನೊಳಗೆ ಮಾಡಬೇಕಾದ ಕೆಲಸವಂತೆ ಅದು, ಆಗಲೇ ಒಂಬತ್ತೂವರೆ ತಾಸು ಕಳೆದಿತ್ತು. ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಮತ್ತೆ ಬೆಳಕಿಗೆ ಹಿಡಿದರು. "ಅದಕ್ಕೇ ಇಲ್ಲಿ ಇಷ್ಟು ಕಪ್ಪಾಗಿದೆ, ಮೆದುಳಿನ ಈ ಭಾಗ ಆಗಲೇ ಸತ್ತಿದೆ. ಈಗ ಕೈ ಹಾಕಿದರೆ ತಲೆಯೊಳಗೆ ರಕ್ತ ಸೋರಿ ಜೀವವೇ ಹೋಗಬಹುದು. ಬೇಡಮ್ಮ." ತಂತಿ, ಕೊಳವೆ ಎರಡನ್ನೂ ಡಬ್ಬಿಗೆ ಹಾಕಿದರು.

ನೂಲು ಬಿಚ್ಚುವವರಲ್ಲಿ ಯಾರ ಕೈ ಜೋಮು ಹಿಡಿಯುವುದಿಲ್ಲ, ನೀವೇ ಹೇಳಿ? ಬಿಸಿನೀರಿಗೆ ಅದ್ದಿ ಅದ್ದಿ ಬೆರಳು ಸತ್ತಂತಾಗುವುದು ಅವರ ದಿನದ ಪಾಡು. ತಣ್ಣೀರಿಗೆ ಹಿಡಿದು, ಕೊಬ್ಬರಿ ಎಣ್ಣೆ ತಿಕ್ಕಿ, ಮತ್ತೆ ಕೂರುತ್ತಾರೆ. ಬೆಳಗ್ಗೆ ಅವಳೂ ಅವನ ಕೈಗೆ ಎಣ್ಣೆ ತಿಕ್ಕಿದ್ದಳು. ಏಳಲು ನೋಡಿದವನಿಗೆ, "ಗೂಡು ಬೆಂದ್ಬುಟ್ಟವೆ, ಇದೊಂದು ಬೇಸಿನ್ ಮುಗಿಸ್ಬುಡಿ" ಅಂದಿದ್ದಳು. ಅವನು ಎಡಗೈಯಲ್ಲೇ ಮೂರು ಬೇಸಿನ್ ಮುಗಿಸಿದ್ದ.

ವಾರ್ಡಿನಲ್ಲಿ ಅವನ ಪಕ್ಕ ಕೂತು, ಮಾತಿಲ್ಲದ ಆ ಮುಖವನ್ನು ನೋಡಲಾರದೆ ಅತ್ತಳು. "ನಾನೇ ನಿಮ್ಮುನ್ನ ಏಳಕ್ಕೆ ಬುಡ್ನಿಲ್ಲ" ಎಂದಳು. ಅವನಿಗೆ ತಿಳಿಯಿತೋ ಇಲ್ಲವೋ, ಬಿಸಿನೀರಿನಲ್ಲಿ ಬೆಂದು ಬಿಳುಚಿದ್ದ ಅವಳ ಕೈಯನ್ನೇ ನೋಡುತ್ತಿದ್ದ. ಆಮೇಲೆ ತನ್ನ ಎಡಗೈಯನ್ನು ನಿಧಾನವಾಗಿ ತಂದು, ಜೋಮು ಬಿಡಿಸಲು ಅವಳ ಬೆರಳುಗಳನ್ನು ಒಂದೊಂದಾಗಿ ತಿಕ್ಕತೊಡಗಿದ.